ಬೆಳಗಿನ ಸದ್ದು

ನಾನು ಓದಿದ ಸಂಸ್ಕೃತ ಪಾಠಶಾಲೆಯಲ್ಲಿ ವೇದಪಾಠ ಹೇಳುತ್ತಿದ್ದ ಗುರುಗಳಿಗೆ ಕಣ್ಣು ಮಂಜಾಗಿದ್ದಿತು. ಆದರೂ ಇಪ್ಪತ್ತು ಹುಡುಗರು ಒಟ್ಟಾಗಿ ಹೇಳುತ್ತಿರುವಾಗ, ಹಿಂದಿನ ಸಾಲಿನವನೊಬ್ಬನು ಉದಾತ್ತವನ್ನು ಅನುದಾತ್ತವಾಗಿ ಇಳಿಸಿದರೆ, ಅವರ ಮುಖವು ಆ ಸಾಲಿನ ಕಡೆಗೇ ತಿರುಗುತ್ತಿದ್ದಿತು. ಅಂಥವರ ಶಿಷ್ಯನಾದ ನಾನು ನನ್ನ ಅಂಗಳದಲ್ಲಿಯೇ 15 ದಿನ ಕೇಳಿಬಂದ ಅಪಸ್ವರವೊಂದನ್ನು ಕೇಳಿಯೂ ಕೇಳದವನಂತೆ ಇದ್ದೆನು. ಈಗ ಅದನ್ನು ಒಪ್ಪಿಕೊಳ್ಳುವುದರಲ್ಲಿ ಸಂಕೋಚವಿಲ್ಲ.

ಕೆಲಸದಿಂದ ನಿವೃತ್ತನಾದ ಮೇಲೆ ನೆಂಟರೊಬ್ಬರಿಂದ ಕೊಂಡ ಮೂರು ಸಿಲಿಂಡರಿನ ಸಣ್ಣ ಕಾರೊಂದು ನನ್ನಲ್ಲಿದೆ. ಕಳೆದ ಕಾರ್ತಿಕಮಾಸದಲ್ಲಿ, ತೀರ್ಥಹಳ್ಳಿಯಲ್ಲಿ ಮಂಜು ದಟ್ಟವಾಗಿ ಇಳಿಯುವ ಆ ದಿನಗಳಲ್ಲಿ, ಬೆಳಗ್ಗೆ ಇಂಜಿನನ್ನು ಚಾಲೂ ಮಾಡಿದೊಡನೆ ಅದರ ಒಂದು ಪಕ್ಕದಿಂದ ಚಟಚಟನೆ ಸದ್ದು ಬರತೊಡಗಿತು. ಒಣಗಿದ ಅಡಕೆಯ ಸೋಗೆಯು ಗಾಳಿಗೆ ಗೋಡೆಯನ್ನು ಬಡಿದಂತೆ ಇದ್ದಿತು ಅದು. ತುಂಗೆಯ ಸೇತುವೆಯನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಿಂತುಹೋಗುತ್ತಿದ್ದಿತು. ನನ್ನ ಮೊಣಕಾಲೂ ಬೆಳಗ್ಗೆ ಹಿಡಿದುಕೊಂಡು ಬಿಸಿಲೇರಿದ ಮೇಲೆ ಸಡಿಲುತ್ತದೆ. ಕಾರಿಗೂ ಪ್ರಾಯವಾಯಿತು ಎಂದುಕೊಂಡೆನು. ತಾನಾಗಿ ಹೋಗುವುದು ರೋಗವಲ್ಲವೆಂಬುದು ನನ್ನ ಸಿದ್ಧಾಂತ.

ನನ್ನ ಮನೆಯವಳು ಕಣ್ಣಿನ ಪೊರೆ ತೆಗೆಯಿಸಿಕೊಂಡು ಉಡುಪಿಯಲ್ಲಿ ಮಗಳ ಮನೆಯಲ್ಲಿದ್ದಳು. ಆಕೆಯನ್ನು ಕರೆತರಲು ಆಗುಂಬೆಯ ಘಟ್ಟವನ್ನಿಳಿದು ಹೋಗಬೇಕಾಗಿದ್ದಿತು. ಹೊರಡುವ ಹಿಂದಿನ ದಿನ ಬೆಳಗ್ಗೆ ಚಕ್ರಗಳಿಗೆ ಗಾಳಿ ತುಂಬಿಸಲೆಂದು ಹತ್ತಿರದ ಗ್ಯಾರೇಜಿಗೆ ಹೋದೆನು. ಎರಡು ಬೀದಿಯಾಚೆ ಇರುವ ಗ್ಯಾರೇಜಾದುದರಿಂದ ಸದ್ದು ಇನ್ನೂ ನಿಂತಿರಲಿಲ್ಲ. ಅಲ್ಲಿಯ ವೃದ್ಧ ಸಾಹೇಬರು ಚಹಾದ ಲೋಟವನ್ನು ಕೆಳಗಿಟ್ಟರು.

“ಮೇಷ್ಟ್ರೇ, ಇಂಜಿನ್ ಬಂದ್ ಮಾಡಿ. ಎಷ್ಟು ದಿವಸದಿಂದ ಈ ಸದ್ದು?”

“ಹದಿನೈದು ದಿನ ಆಗಿರಬಹುದು, ಸಾಹೇಬರೇ. ಬಿಸಿಯಾದ ಮೇಲೆ ಹೋಗುತ್ತದೆ.”

“ಬಿಸಿಯಾದ ಮೇಲೆ ಹೋಗ್ತದಲ್ಲ, ಅದಕ್ಕೇ ಹೆದರಬೇಕು.”

ಅವರು ಆತುರಪಡಲಿಲ್ಲ. ಮೊದಲು ಫ್ಯಾನ್ ಬೆಲ್ಟನ್ನು ಕಳಚಿದರು. ಡೈನಮೋ, ನೀರಿನ ಪಂಪು ಇವೆರಡೂ ತಿರುಗುವುದು ಅದರಿಂದ. ಅದಿಲ್ಲದೆ ಐದೆಣಿಸುವಷ್ಟು ಹೊತ್ತು ಮಾತ್ರ ಇಂಜಿನನ್ನು ನಡೆಯಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೂ ಹಿಡಿಯನ್ನು ಕಿವಿಗೂ ಹಚ್ಚಿ ಆಲಿಸಿದರು. ಸದ್ದು ಹಾಗೆಯೇ ಇದ್ದಿತು. ಡೈನಮೋ ನಿಂತರೂ ಸದ್ದು ನಿಲ್ಲದಿದ್ದರೆ ಅದಕ್ಕೆ ಡೈನಮೋ ಕಾರಣವಲ್ಲ. ಅನ್ವಯವನ್ನೂ ವ್ಯತಿರೇಕವನ್ನೂ ಹೊಗೆ, ಬೆಂಕಿ, ಮಡು ಎಂದು ಮೂವತ್ತು ವರುಷ ಹುಡುಗರ ಬಾಯಿಗೆ ಹಾಕಿದ ನನಗೆ, ಆ ತರ್ಕವನ್ನು ನನ್ನ ಅಂಗಳದಲ್ಲಿ ಒಂದು ದಿನವೂ ಉಪಯೋಗಿಸಬೇಕೆಂದು ತೋರಲಿಲ್ಲ.

ಆಮೇಲೆ ಅವರು ಪಕ್ಕದ ಪ್ಲಾಸ್ಟಿಕ್ ಮುಚ್ಚಳವನ್ನು ಬಿಚ್ಚಿದರು. ಒಳಗೆಲ್ಲ ಕರಿಯ ರಬ್ಬರಿನ ಧೂಳು. ಅಲ್ಲಿರುವುದು ಟೈಮಿಂಗ್ ಬೆಲ್ಟು. ಕೆಳಗಿನ ಕ್ರ್ಯಾಂಕು ಎರಡು ಸುತ್ತು ತಿರುಗುವಾಗ ಮೇಲಿನ ಕ್ಯಾಮು ಸರಿಯಾಗಿ ಒಂದು ಸುತ್ತು ತಿರುಗಿ, ವಾಲ್ವುಗಳನ್ನು ಆಯಾ ಗಳಿಗೆಗೆ ತೆರೆದು ಮುಚ್ಚಬೇಕು. ಈ ಎರಡನ್ನು ಕೂಡಿಸುವುದು ಹಲ್ಲುಗಳುಳ್ಳ ಈ ರಬ್ಬರಿನ ಪಟ್ಟಿಯೇ. ಹಿಂದೆ ಇದಕ್ಕೆ ಹಲ್ಲಿನ ಚಕ್ರಗಳೋ ಸರಪಳಿಯೋ ಇರುತ್ತಿದ್ದವು. 1962ರಲ್ಲಿ ಜರ್ಮನಿಯ ಗ್ಲಾಸ್ ಕಂಪನಿಯು ತನ್ನ 1004 ಎಂಬ ಕಾರಿನಲ್ಲಿ ಇಂಥ ಪಟ್ಟಿಯನ್ನು ಅಳವಡಿಸಿ ಮಾರಾಟಕ್ಕೆ ತಂದಿತು. ಹಗುರ, ಸದ್ದಿಲ್ಲ, ಎಣ್ಣೆ ಬೇಡ ಎಂದು ಬಳಿಕ ಉಳಿದವರೂ ಅನುಸರಿಸಿದರು. ಪಟ್ಟಿಯನ್ನು ಬಿಗಿಯಾಗಿಡಲು ಅದರ ಬೆನ್ನನ್ನು ಒತ್ತಿಕೊಂಡಿರುವ ಸಣ್ಣ ಚಕ್ರಕ್ಕೆ ಟೆನ್ಷನರ್ ಎಂದು ಹೆಸರು.

ಸಾಹೇಬರು ಎರಡು ಚಕ್ರಗಳ ನಡುವಣ ಪಟ್ಟಿಯನ್ನು ಹೆಬ್ಬೆರಳು ತೋರುಬೆರಳುಗಳಲ್ಲಿ ಹಿಡಿದು ತಿರುಚಿದರು. ಕಾಲು ಸುತ್ತು ತಿರುಗಿ ನಿಲ್ಲಬೇಕಾದುದು ಅರ್ಧ ಸುತ್ತು ತಿರುಗಿತು. ಅಂಚು ಹಳೆಯ ಪಂಚೆಯ ಸೆರಗಿನಂತೆ ಎಳೆ ಬಿಟ್ಟಿದ್ದಿತು. ಟೆನ್ಷನರನ್ನು ಹಿಡಿದು ಅಲುಗಿಸಿದರೆ ಅದು ಸಡಿಲಾದ ಹಲ್ಲಿನಂತೆ ಅಲುಗಿತು. ಪಾನಾ ಹಾಕಿ ಕ್ರ್ಯಾಂಕನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿ ಗುರುತುಗಳನ್ನು ನೋಡಿದರು. ಪಟ್ಟಿಯು ಒಂದು ಹಲ್ಲೂ ಜಾರಿರಲಿಲ್ಲ.

ಬಿಸಿಯಾದ ಮೇಲೆ ಸದ್ದು ಹೋಗುತ್ತಿದ್ದುದೇಕೆ? ಇಂಜಿನಿನ ಅಲ್ಯುಮಿನಿಯಮ್ ಭಾಗವು ಶಾಖಕ್ಕೆ ಹಿಗ್ಗಿ ಕೆಳಗಿನ ಮೇಲಿನ ಚಕ್ರಗಳ ನಡುವಣ ಅಂತರವು ಕೂದಲೆಳೆಯಷ್ಟು ಹೆಚ್ಚುತ್ತದೆ. ಒಳಗೆ ಗಾಜಿನೆಳೆಯಿರುವ ಪಟ್ಟಿ ತಾನು ಹಿಗ್ಗುವುದಿಲ್ಲವಾಗಿ ಬಿಗಿಯಾಗುತ್ತದೆ. ದೋಷವು ಹೋಗುತ್ತಿರಲಿಲ್ಲ; ಮುಚ್ಚಿಹೋಗುತ್ತಿದ್ದಿತು. ಪಟ್ಟಿ ಒಂದೆರಡು ಹಲ್ಲು ಜಾರಿದರೆ ಇಂಜಿನು ಸೊರಗುತ್ತದೆ. ಹೆಚ್ಚು ಜಾರಿದರೆ ನಿಂತೇಹೋಗುತ್ತದೆ, ಎಷ್ಟೋ ಇಂಜಿನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಅದನ್ನು ಬಗ್ಗಿಸಿಬಿಡುತ್ತದೆ. ಇಂಜಿನು ನಿಂತರೆ ಬ್ರೇಕಿಗೆ ಅದು ಕೊಡುತ್ತಿದ್ದ ಸಹಾಯವೂ ನಿಲ್ಲುತ್ತದೆ. ಒಂದೆರಡು ಬಾರಿ ಒತ್ತಿದ ಮೇಲೆ ಪೆಡಲು ಕಲ್ಲಾಗುತ್ತದೆ. ಆಗುಂಬೆಯ ತಿರುವುಗಳಲ್ಲಿ, ಅರುವತ್ತು ದಾಟಿದ ಈ ಕಾಲಿನಿಂದ, ಆ ಕಲ್ಲನ್ನು ಒತ್ತಬೇಕಾಗಿದ್ದಿತು.

“ಬೆಲ್ಟು ಹೊಸದೇ ಇದೆ, ಟೆನ್ಷನರ್ ಮಾತ್ರ ಹಳೇದು. ಯಾರು ಹಾಕಿದ್ದು ಹೀಗೆ?” ಎಂದು ಸಾಹೇಬರು ಕೇಳಿದರು.

ಬೇರೆ ಊರಿನಲ್ಲಿ ಬೆಲ್ಟು ಬದಲಾಯಿಸಿದವನ ಮೇಲೆ ಹೊರಿಸಿ ನಾನು ಸುಮ್ಮನಿರಬಹುದಾಗಿದ್ದಿತು. ಆದರೆ ಅವನು ಎರಡನ್ನೂ ಬದಲಾಯಿಸೋಣವೆಂದೇ ಹೇಳಿದ್ದನು. ನಾನು ಆ ಚಕ್ರವನ್ನು ಬೆರಳಿನಿಂದ ತಿರುಗಿಸಿ, ಅದು ಸರ್ರನೆ ತಿರುಗಿದುದನ್ನು ಕಂಡು, ಇಷ್ಟು ಚೆನ್ನಾಗಿರುವುದನ್ನು ಎಸೆಯುವುದೇಕೆಂದು ತಡೆದಿದ್ದೆನು. ಪರೀಕ್ಷೆ ಮಾಡುವುದು ಆಜನ್ಮ ಅಭ್ಯಾಸವಷ್ಟೆ! ಇದನ್ನು ಹೇಳಿದಾಗ ಸಾಹೇಬರು ನಗಲಿಲ್ಲ. ಸಂಜೆಯ ಬಸ್ಸಿನಲ್ಲಿ ಶಿವಮೊಗ್ಗದಿಂದ ಹೊಸ ಟೆನ್ಷನರ್ ಬಂದಾಗ ಹಳೆಯದನ್ನೂ ಅದನ್ನೂ ನನ್ನ ಕೈಗೆ ಕೊಟ್ಟು ತಿರುಗಿಸಿ ನೋಡೆಂದರು. ಹಳೆಯದು ಗರಗರನೆ ಬಹಳ ಹೊತ್ತು ತಿರುಗಿತು. ಹೊಸದು ಸದ್ದಿಲ್ಲದೆ, ತುಸು ಬಿಗುಮಾನದಿಂದ, ಬೆರಳು ಬಿಟ್ಟೊಡನೆ ನಿಂತಿತು.

“ಒಳಗೆ ಗ್ರೀಸ್ ಇದ್ರೆ ಹಿಂಗೆ, ಮೇಷ್ಟ್ರೇ. ಖಾಲಿಯಾದ್ದೇ ಜೋರಾಗಿ ತಿರುಗೋದು.”

ಈ ಮಾತನ್ನು ನಾನು ಕಂಡ ಕೆಲವು ಭಾಷಣಕಾರರಿಗೆ ಅನ್ವಯಿಸುವ ಆಸೆಯಾಯಿತು. ಆ ದಿನ ನನಗೆ ಆ ಯೋಗ್ಯತೆ ಇರಲಿಲ್ಲವಾದುದರಿಂದ ಬಿಟ್ಟೆನು.

ಬಿಗಿಯನ್ನು ತಣ್ಣಗಿರುವ ಇಂಜಿನಿನಲ್ಲಿಯೇ ನೋಡಬೇಕೆಂದು ಅವರು ಮಾರನೆಯ ಬೆಳಗಿನವರೆಗೆ ಕಾದರು. ಹೊಸ ಬೆಲ್ಟನ್ನೂ ಹೊಸ ಟೆನ್ಷನರನ್ನೂ ಹಾಕಿ, ಕ್ರ್ಯಾಂಕನ್ನು ಕೈಯಿಂದ ಪೂರ್ಣವಾಗಿ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ನೋಡಿ ತಿರುಪನ್ನು ಬಿಗಿದರು. ಮತ್ತೆ ಎರಡು ಸುತ್ತು ತಿರುಗಿಸಿ, ಮತ್ತೆ ನೋಡಿ, ಅನಂತರವೇ ಕೀಲಿಕೈಯನ್ನು ನನಗೆ ಕೊಟ್ಟರು.

ಬರುವುದು ಒಂದು ದಿನ ತಡವಾಗುವುದೆಂದೂ ಕಾರಿನಲ್ಲಿ ಸ್ವಲ್ಪ ಕೆಲಸವಿದೆಯೆಂದೂ ಮನೆಯವಳಿಗೆ ಫೋನಿನಲ್ಲಿ ತಿಳಿಸಿದ್ದೆನು.

“ಆ ಚಟಚಟ ಸದ್ದು ತಾನೆ?” ಎಂದಳು ಆಕೆ. “ನಾನು ಹೊರಡೋ ದಿನವೇ ಹೇಳಿರಲಿಲ್ಲವೆ ನಿಮಗೆ?”

ಹೇಳಿದ್ದಳು. ಆಗ ಆಕೆಯ ಕಣ್ಣಿನಲ್ಲಿ ಇನ್ನೂ ಪೊರೆಯಿದ್ದಿತು.

ಉಡುಪಿಯಿಂದ ಹಿಂದಿರುಗುವಾಗ ಆಕೆ ಕಪ್ಪು ಕನ್ನಡಕವನ್ನು ಹಾಕಿಕೊಂಡು ನನ್ನ ಪಕ್ಕದಲ್ಲಿ ಕುಳಿತಿದ್ದಳು. ಸೋಮೇಶ್ವರವನ್ನು ಬಿಟ್ಟು ಘಟ್ಟವನ್ನು ಹತ್ತತೊಡಗಿದ ಮೇಲೆ ಮಾತು ನಿಲ್ಲಿಸಿ, ತಲೆಯನ್ನು ತುಸು ವಾಲಿಸಿ, ಇಂಜಿನನ್ನೇ ಆಲಿಸುತ್ತಿದ್ದಳು. ಆಗುಂಬೆ ಮುಟ್ಟಿದಾಗ, “ಸರಿಯಾಗಿದೆ” ಎಂದಳು. ನಾನು ಕಾರು ನಿಲ್ಲಿಸಿ ಕಾಫಿ ತರಲು ಇಳಿದೆನು.