ಹಗ್ಗದ ಆ ತುದಿಯಲ್ಲಿ ತುಂಗಾ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಗುಡ್ಡದಲ್ಲಿ ನೀವು ನಿಂತಿದ್ದೀರಿ. 2020ರ ಜುಲೈ. ಕೊರೊನಾ ಭಯಕ್ಕೆ ಊರಿಗೆ ಊರೇ ಮೂಗು ಮುಚ್ಚಿಕೊಂಡು ಓಡಾಡುತ್ತಿರುವ ತಿಂಗಳು. ಎದುರಿಗೆ ಗುಂಡೇಟು ತಿಂದವನೊಬ್ಬನ ಹೆಣ. ಹೊಡೆದವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಯಾವ ದಿಕ್ಕಿಗೆ ಹೋದ ಅನ್ನುವುದೂ ಗೊತ್ತಿಲ್ಲ.

ದಾವಣಗೆರೆ ಪೊಲೀಸ್ ಶ್ವಾನದಳದ ಜೋಡಿ ಬರುತ್ತದೆ. ಒಬ್ಬರು ಖಾಕಿ ತೊಟ್ಟ ಸಿಬ್ಬಂದಿ. ಇನ್ನೊಬ್ಬಳು ತುಂಗಾ, ಹತ್ತು ವರ್ಷದ ಹೆಣ್ಣು ಡಾಬರ್‌ಮನ್. ಆ ಜಾತಿಯ ನಾಯಿಗೆ ಹತ್ತು ಅಂದರೆ ಮುಪ್ಪು. ಮನೆಯ ನಾಯಿಯಾಗಿದ್ದರೆ ಜಗುಲಿಯಲ್ಲಿ ಮಲಗಿ ಕಾಲ ಕಳೆಯುವ ವಯಸ್ಸು. ಪತ್ತೇದಾರಿ ಕಾದಂಬರಿಗಳಲ್ಲಿ ಗಂಡ ಹೆಂಡತಿಯ ವೇಷ ಹಾಕಿ, ಬಾಡಿಗೆ ಮನೆ ಹಿಡಿದು, ಓಡಿಹೋದವನನ್ನು ಹುಡುಕುವ ಜೋಡಿಗಳಿರುತ್ತವೆ. ಈ ಜೋಡಿಗೆ ವೇಷವಿಲ್ಲ, ಸುಳ್ಳು ಹೆಸರಿಲ್ಲ. ಇಬ್ಬರ ನಡುವೆ ಇರುವುದು ಉದ್ದನೆಯ ಒಂದು ಹಗ್ಗ ಮಾತ್ರ.

ತುಂಗಾ ನೆಲಕ್ಕೆ ಮೂಗು ಹಚ್ಚುತ್ತಾಳೆ. ನಾವು ಹೆಜ್ಜೆ ಇಟ್ಟಲ್ಲೆಲ್ಲ ಮೈಯಿಂದ ಕಣ್ಣಿಗೆ ಕಾಣದ ಚರ್ಮದ ಪುಡಿ, ಬೆವರಿನ ಅಂಶ ಉದುರುತ್ತಲೇ ಇರುತ್ತದೆ. ಕಾದ ಬಂಡೆಯ ಮೇಲೆ ಅದು ಬೇಗ ಅಳಿಯುತ್ತದೆ. ತೇವದ ಮಣ್ಣಿನಲ್ಲಿ, ಹುಲ್ಲಿನ ಬುಡದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ನಿಮಗೆ ಹಸಿಮಣ್ಣಿನ ಒಂದೇ ವಾಸನೆ. ಅವಳಿಗೆ ಅದರೊಳಗೆ ಒಬ್ಬ ಮನುಷ್ಯ ನಡೆದುಹೋಗಿದ್ದಾನೆ.

ಹಗ್ಗ ಬಿಗಿಯಾಗುತ್ತದೆ. ಹೊರಟಳು.

ಹಿಂದೆ ನೀವೂ ಓಡಿ. ಸಿಬ್ಬಂದಿಯ ಕೈಯನ್ನು ಗಮನಿಸಿ: ಹಗ್ಗವನ್ನು ಜಗ್ಗುತ್ತಿಲ್ಲ, ಸಡಿಲವನ್ನೂ ಬಿಡುತ್ತಿಲ್ಲ. ಜಗ್ಗಿದರೆ ಅವಳು ತನ್ನ ಮೂಗನ್ನು ಬಿಟ್ಟು ಅವರ ಮನಸ್ಸಿನಲ್ಲಿರುವುದನ್ನು ಹುಡುಕತೊಡಗುತ್ತಾಳೆ. ಅಲ್ಲಿಗೆ ತನಿಖೆ ಮುಗಿದಂತೆಯೇ. ಅವರು ಓದುತ್ತಿರುವುದು ಅವಳ ಮೈಯನ್ನು, ಅವಳು ಉಸಿರೆಳೆಯುವ ಲಯವನ್ನು. ತಲೆ ಎತ್ತಿ ಗಾಳಿ ಹಿಡಿದರೆ ಜಾಡು ತಪ್ಪಿದೆ ಅಂತ ಅರ್ಥ; ಆಗ ಸುಮ್ಮನೆ ನಿಂತು ಕಾಯಬೇಕು, ಅವಳೇ ಸುತ್ತು ಹಾಕಿ ಎಳೆ ಹಿಡಿಯುವವರೆಗೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಕಾಯುವಿಕೆ. ಲಾಠಿ, ಟೋಪಿ, ಅಧಿಕಾರ ಎಲ್ಲ ಇರುವವರು, ಮಾತು ಬಾರದ ಜೀವವೊಂದಕ್ಕೆ ಮುಂದಾಳುತನ ಕೊಟ್ಟು ಹಿಂದೆ ನಡೆಯುತ್ತಾರೆ.

ಕಾಲು ಸೋಲುತ್ತಿದೆ ನಿಮಗೆ. ಒಂದು, ಎರಡು, ನಾಲ್ಕು ಕಿಲೋಮೀಟರ್. ಇಷ್ಟರಲ್ಲಿ ಜಾಡು ಕಡಿದುಹೋಗಬೇಕಿತ್ತು ಅನ್ನಿಸುತ್ತದೆ. ಬಂಡಿದಾರಿ ಇರಲಿ, ಡಾಂಬರು ರಸ್ತೆ ಇರಲಿ, ಅವಳ ಹಗ್ಗ ಸಡಿಲವಾಗುವುದೇ ಇಲ್ಲ. ಹನ್ನೊಂದು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ, ಕಾಶೀಪುರ ತಾಂಡಾದ ಹತ್ತಿರ ಒಂದು ಮನೆಯ ಮುಂದೆ ಅವಳು ನಿಲ್ಲುತ್ತಾಳೆ.

ಪೊಲೀಸರಿಗೆ ಎಳೆ ಸಿಕ್ಕಿದ್ದು ಅಲ್ಲಿ. ವಿಚಾರಿಸಿದಾಗ ಒಂದೊಂದಾಗಿ ಹೊರಬಂತು: ಧಾರವಾಡದಲ್ಲಿ ಕಳ್ಳತನ, ಕದ್ದ ಮಾಲಿನ ಜೊತೆ ಪೊಲೀಸರೊಬ್ಬರ ಸರ್ವಿಸ್ ರಿವಾಲ್ವರ್, ಹಂಚಿಕೆಯ ಜಗಳ. ಸತ್ತವನೂ ಕೊಂದವನೂ ಪರಿಚಿತರೇ. ಹೆಸರೇ ಗೊತ್ತಿಲ್ಲದ ಆಸಾಮಿ ಸಿಕ್ಕಿಬಿದ್ದ.

ಆದರೆ ನ್ಯಾಯಾಲಯದ ಕಟಕಟೆಗೆ ತುಂಗಾ ಹತ್ತುವ ಹಾಗಿಲ್ಲ. ನಾಯಿಯನ್ನು ಪಾಟೀಸವಾಲಿಗೆ ಒಳಪಡಿಸಲಾಗದು; ಅದರ ಪರವಾಗಿ ಸಾಕ್ಷಿ ಹೇಳಬೇಕಾದವರು ಹಗ್ಗ ಹಿಡಿದವರು. ನಾಯಿ ಹಿಡಿದ ಜಾಡೊಂದನ್ನೇ ನಂಬಿ ಶಿಕ್ಷೆ ಕೊಡಲು ನಮ್ಮ ಕೋರ್ಟುಗಳು ಹಿಂಜರಿಯುತ್ತವೆ. ಆ ಹಿಂಜರಿಕೆ ಸರಿಯಾದದ್ದೇ. ಆಯುಧ, ಕದ್ದ ಮಾಲು, ಫೋನ್ ದಾಖಲೆ ಇವನ್ನೆಲ್ಲ ಮನುಷ್ಯರೇ ಕೂಡಿಸಬೇಕು. ಒಂದು ಜೀವಕ್ಕೆ ಮೂಗು, ಇನ್ನೊಂದಕ್ಕೆ ನಾಲಿಗೆ; ಬೇರೆ ಬೇರೆಯಾಗಿ ನಿಂತರೆ ಇಬ್ಬರಲ್ಲಿ ಯಾರೂ ಆ ಗುಡ್ಡದಿಂದ ಆ ತಾಂಡಾ ತಲುಪುತ್ತಿರಲಿಲ್ಲ.

ಆ ಜುಲೈಯಲ್ಲೇ ಎಡಿಜಿಪಿ ಅಮರ್‌ಕುಮಾರ್ ಪಾಂಡೆ ದಾವಣಗೆರೆಗೆ ಬಂದು ತುಂಗಾಳ ಕೊರಳಿಗೆ ಹಾರ ಹಾಕಿದರು. ಅವಳು ಪತ್ತೆಗೆ ನೆರವಾದ ಕೊಲೆ ಪ್ರಕರಣಗಳೇ ಸುಮಾರು 50 ಎಂದು ಇಲಾಖೆ ಹೇಳಿತು. ಹಾರಕ್ಕಿಂತ ಮುಖ್ಯವಾಗಿ ಉಳಿದದ್ದು ಹೆಸರು. ಅದೇ ದಳಕ್ಕೆ ಆಮೇಲೆ ಬಂದ ಮರಿಗೆ ತುಂಗಾ-2 ಎಂದೇ ಹೆಸರಿಟ್ಟರು.

2024ರ ಜುಲೈ. ಇದೇ ಚನ್ನಗಿರಿ ತಾಲ್ಲೂಕು, ಸಂತೇಬೆನ್ನೂರು ಸೀಮೆ. ಮತ್ತೊಂದು ಕೊಲೆ, ಮತ್ತೆ ಹಗ್ಗ ಬಿಗಿಯಾಗುತ್ತದೆ. ಈ ಸಲ ಮಳೆ. ಎಳೆಯ ತುಂಗಾ-2 ಎಂಟು ಕಿಲೋಮೀಟರ್ ಎಳೆದುಕೊಂಡು ಹೋಗಿ ಒಂದು ಮನೆ ತೋರಿಸಿತು. ಒಳಗೆ ಆರೋಪಿ ತನ್ನ ಹೆಂಡತಿಯನ್ನು ಹೊಡೆಯುತ್ತಿದ್ದ. ಮಳೆಯಲ್ಲಿ ನಾಯಿಗೇನು ವಾಸನೆ ಸಿಕ್ಕೀತು ಎಂದು ಹಗ್ಗ ಹಿಡಿದವರು ಅರ್ಧ ದಾರಿಯಲ್ಲಿ ನಿಂತಿದ್ದರೆ ಆ ಹೆಣ್ಣುಮಗಳ ಗತಿ ಏನಾಗುತ್ತಿತ್ತೋ. ಅವರು ನಿಲ್ಲಲಿಲ್ಲ; ಆಕೆ ಬದುಕುಳಿದಳು.