ನೆನಪಿಗೊಂದು ವೇಗಮಿತಿ

ಕಂಪ್ಯೂಟರಿನ ಹೊಟ್ಟೆಯೊಳಗೆ ನೆಟ್ಟಗೆ ನಿಂತಿರುವ ಆ ಉದ್ದನೆಯ ಪಟ್ಟಿಗಳಿಗೆ ‘ಮೆಮೊರಿ’ ಎಂದು ಹೆಸರಿಟ್ಟವರಿಗೆ ಮನುಷ್ಯರ ನೆನಪಿನ ವಿಚಾರ ಚೆನ್ನಾಗಿ ಗೊತ್ತಿದ್ದಿರಬೇಕು. ಏಕೆಂದರೆ ಅದರಷ್ಟು ಮರೆಗುಳಿ ವಸ್ತು ಇನ್ನೊಂದಿಲ್ಲ. ಕರೆಂಟು ಹೋದರೆ ಅದರಲ್ಲಿದ್ದದ್ದೆಲ್ಲ ಹೋಯಿತು ಎಂಬುದು ಎಲ್ಲರಿಗೂ ಗೊತ್ತು. ಕರೆಂಟು ಇರುವಾಗಲೂ ಅದು ಮರೆಯುತ್ತಲೇ ಇರುತ್ತದೆ ಎಂಬುದು ನನಗೆ ತಿಳಿದದ್ದು ಮಾತ್ರ ಅರವತ್ತು ದಾಟಿದ ಮೇಲೆ. ಐಬಿಎಂ ಕಂಪನಿಯ ರಾಬರ್ಟ್ ಡೆನ್ನಾರ್ಡ್ ಎಂಬ ಎಂಜಿನಿಯರಿಗೆ 1968ರಲ್ಲಿ ಪೇಟೆಂಟು ಸಿಕ್ಕಿದ ಉಪಾಯ ಇದು: ಒಂದು ಬಿಟ್ ಮಾಹಿತಿಗೆ ಒಂದು ಟ್ರಾನ್ಸಿಸ್ಟರು, ಒಂದು ಪುಟಾಣಿ ಕೆಪ್ಯಾಸಿಟರು, ಅಷ್ಟೆ. ಆ ಕೆಪ್ಯಾಸಿಟರು ತೂತು ಕೊಡವಿದ್ದ ಹಾಗೆ. ತುಂಬಿದ್ದು ಸೋರುತ್ತಲೇ ಇರುತ್ತದೆ. ಪೂರ್ತಿ ಖಾಲಿಯಾಗುವ ಮೊದಲೇ ಇಣುಕಿ ನೋಡಿ ಮತ್ತೆ ತುಂಬಬೇಕು. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಹದಿನೈದು ಹದಿನಾರು ಸಲ. ನನ್ನ ಮೇಜಿನ ಕೆಳಗಿರುವ 32 ಜಿಬಿ ಯಂತ್ರದಲ್ಲಿ ಇಂಥ ಕೊಡಗಳು ಇಪ್ಪತ್ತೇಳು ಸಾವಿರ ಕೋಟಿಗಿಂತ ಹೆಚ್ಚಿವೆ.

ಈ ಉಸಾಬರಿ ನಿಮಗೇಕೆ ಎಂದು ನೀವು ಕೇಳಬಹುದು. ನಿವೃತ್ತ ಕನ್ನಡ ಮೇಷ್ಟರು ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಟೈಪು ಮಾಡಿ, ಮೊಮ್ಮಗಳ ಫೋಟೋ ನೋಡಿಕೊಂಡಿದ್ದರೆ ಸಾಲದೆ? ಸಾಕಿತ್ತು. ಆದರೆ ನಮ್ಮ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆಯಿತ್ತು, ಅದರೊಳಗೆ 37 ಕ್ಯಾಸೆಟ್ಟುಗಳಿದ್ದವು. 1986ರಿಂದ 1991ರವರೆಗೆ ರಜೆಗೆ ಊರಿಗೆ ಹೋದಾಗಲೆಲ್ಲ ಅಮ್ಮನನ್ನು ಜಗಲಿಯಲ್ಲಿ ಕೂರಿಸಿ ಹಾಡಿಸಿದ ಹಾಡುಗಳು: ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಸುವ ಹಾಡು, ತೊಟ್ಟಿಲ ಹಾಡು. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಒಂದು ಸಾಲನ್ನೂ ಎಲ್ಲಿಯೂ ಬರೆದಿಟ್ಟವಳಲ್ಲ. 2009ರಲ್ಲಿ ಅವಳು ತೀರಿಕೊಂಡ ಮೇಲೆ ಆ ಹಾಡುಗಳಲ್ಲಿ ಮುಕ್ಕಾಲು ಪಾಲು ಆ ಪೆಟ್ಟಿಗೆಯಲ್ಲಿ ಮಾತ್ರ ಉಳಿದವು. ನಮ್ಮ ಸಾಗರದ ಕಡೆಯ ಮಳೆಗಾಲ ಕ್ಯಾಸೆಟ್ಟುಗಳಿಗೆ ಹೇಳಿ ಮಾಡಿಸಿದ್ದಲ್ಲ. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಕೆಲವನ್ನು ಒಂದು ಸಲ ಓಡಿಸಬಹುದು, ಎರಡನೆಯ ಸಲಕ್ಕೆ ಯಾರ ಭರವಸೆಯೂ ಇಲ್ಲ, ಅಂಥ ಸ್ಥಿತಿ. ಹಳೆಯ ಡೆಕ್ಕಿಗೆ ತಂತಿ ಜೋಡಿಸಿ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಕೆಲಸಕ್ಕೆ ಕೈಹಾಕಿದೆ.

ಯಂತ್ರ 2020ರಲ್ಲಿ ಜೋಡಿಸಿದ್ದು. 8 ಜಿಬಿಯ ಎರಡು ಪಟ್ಟಿಗಳು, ಡಿಡಿಆರ್4 ಜಾತಿಯವು, ಮೈಮೇಲೆ 3200 ಎಂದು ಅಚ್ಚು. ಅದು ಮೂರು ವರ್ಷ ತಕರಾರಿಲ್ಲದೆ ನಡೆಯಿತು. 2023ರಲ್ಲಿ ಇನ್ನೆರಡು ಪಟ್ಟಿ ಹಾಕಿಸಿದೆ. ಅದೇ ಕಂಪನಿ, ಅದೇ ಚೀಟಿ, ಅದೇ 3200. ಅಂಗಡಿಯ ಹುಡುಗ ಪೆಟ್ಟಿಗೆ ಮುಚ್ಚಿ ಕೊಡುತ್ತ “ಫುಲ್ ಸ್ಪೀಡಿಗೆ ಸೆಟ್ ಮಾಡಿದೀನಿ ಸಾರ್” ಎಂದ. ಒಳ್ಳೆಯ ಹುಡುಗ. ಈಗಲೂ ಎದುರು ಸಿಕ್ಕರೆ ನಮಸ್ಕಾರ ಹೇಳುತ್ತಾನೆ.

ಆಮೇಲೆ ಇಳಿಸಿದ ಒಂಬತ್ತು ಕ್ಯಾಸೆಟ್ಟುಗಳಲ್ಲಿ ಏನೋ ಆಗುತ್ತಿತ್ತು. ಒಂದು ತೊಟ್ಟಿಲ ಹಾಡಿನ ನಡುವೆ ‘ಟಕ್’ ಎಂದಿತು. ಡೆಕ್ಕಿನಲ್ಲಿ ಅದೇ ಜಾಗವನ್ನು ಅಂಜುತ್ತಲೇ ಮತ್ತೆ ಓಡಿಸಿದರೆ ಅಲ್ಲಿ ಏನೂ ಇಲ್ಲ, ಅಮ್ಮ ಸರಾಗವಾಗಿ ಹಾಡಿಕೊಂಡು ಹೋಗಿದ್ದಾಳೆ. ಇನ್ನೊಂದು ಹಾಡಿನಲ್ಲಿ ಒಂದು ಅಕ್ಷರವೇ ನುಂಗಿ ಹೋಗಿತ್ತು.

ದೀಪಾವಳಿಗೆ ಬಂದ ತಂಗಿಯ ಮಗ ಎರಡು ದಿನ ಇದರ ಹಿಂದೆ ಬಿದ್ದ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗ, ಮಾತು ಸ್ವಲ್ಪ ಜಾಸ್ತಿ, ಆದರೆ ಕೈ ಚುರುಕು. ತಂತಿ ಬದಲಾಯಿಸಿದ, ಡಿಸ್ಕು ಪರೀಕ್ಷಿಸಿದ. ಹಾಡುಗಳನ್ನು ನಾನು ಫ್ಲ್ಯಾಕ್ ಎಂಬ ಕಟ್ಟಿನಲ್ಲಿ ಇಡುತ್ತಿದ್ದೆ. ಧ್ವನಿಯನ್ನು ಕೆಡಿಸದೆ ಮಡಚಿಡುವ ವಿಧಾನ ಅದು, ಜೊತೆಗೆ ಪ್ರತಿ ಮಡಿಕೆಗೂ ಒಂದು ತಾಳೆಸಂಖ್ಯೆ ಬರೆದಿರುತ್ತದೆ. ಅವನು ಎಲ್ಲ ಕಡತಗಳಿಗೂ ತಾಳೆ ನೋಡಿದ. ಕೆಲವು ತಪ್ಪು ಎಂದು ಬಂದವು. ಮತ್ತೊಮ್ಮೆ ನೋಡಿದ. ಅವುಗಳಲ್ಲಿ ಒಂದು ಸರಿ ಎಂದು ಬಂತು, ಮೊದಲು ಸರಿಯಿದ್ದ ಇನ್ನೊಂದು ತಪ್ಪು ಎಂದು ಬಂತು.

“ಮಾವ, ಒಂದೇ ಫೈಲನ್ನ ಎರಡು ಸಲ ಓದಿದ್ರೆ ಎರಡು ಉತ್ತರ ಬರ್ತಾ ಇದೆ ಅಂದ್ರೆ, ಬರೆದಿಟ್ಟಿದ್ದು ಕೆಟ್ಟಿದೆ ಅಂತ ಮಾತ್ರ ಅಲ್ಲ. ಓದೋವಾಗ ಹಿಡಿದುಕೊಳ್ಳೋ ಕೈ ನಡುಗ್ತಾ ಇದೆ. ರ‍್ಯಾಮ್ ನೋಡ್ಬೇಕು” ಎಂದ.

ಯಂತ್ರ ಆರಿಸಿ ಹಚ್ಚುವಾಗ ಡಿಲೀಟ್ ಗುಂಡಿ ಒತ್ತಿ ಹಿಡಿದ. ವಿಂಡೋಸು ಏಳುವ ಮುಂಚಿನ ಆ ಲೋಕಕ್ಕೆ ಬಯಾಸ್ ಎನ್ನುತ್ತಾರೆ. ಈಗಿನ ಬೋರ್ಡುಗಳಲ್ಲಿ ಅದರ ನಿಜವಾದ ಹೆಸರು ಯುಇಎಫ್‌ಐ ಅಂತೆ, ಆದರೂ ಜನ ಹಳೆಯ ಹೆಸರನ್ನು ಬಿಟ್ಟಿಲ್ಲ. ಅಲ್ಲಿ ಮೆಮೊರಿಯ ಪುಟ ತೆರೆದರೆ ಅಂಕಿಗಳ ಸಂತೆ. ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಪ್ರತಿ ಪಟ್ಟಿಯ ಮೇಲೂ ಒಂದು ಚಿಕ್ಕ ಚಿಪ್ಪಿದೆ, ಎಸ್‌ಪಿಡಿ ಎಂದು ಅದರ ಹೆಸರು. ಪಟ್ಟಿಯ ಜಾತಕ ಅದರಲ್ಲಿದೆ. ಆ ಜಾತಕದಲ್ಲಿ ಎರಡು ಬಗೆಯ ಬರಹ. ಮೊದಲನೆಯದು ಜೆಡೆಕ್ ಎಂಬ ಮಾನಕ ಸಂಸ್ಥೆ ಒಪ್ಪಿದ ವೇಗ. ನನ್ನ ಪಟ್ಟಿಗಳಿಗೆ ಅದು 2666, ವಿದ್ಯುತ್ತು 1.2 ವೋಲ್ಟು. ಬಯಾಸಿಗೆ ಯಾರೂ ಏನೂ ಹೇಳದಿದ್ದರೆ ಅದು ಇದನ್ನೇ ಹಿಡಿಯುತ್ತದೆ. ಎರಡನೆಯದು ಪಟ್ಟಿ ಮಾಡಿದವರು ತಾವಾಗಿ ಬರೆದದ್ದು: 3200, 1.35 ವೋಲ್ಟು. ಇದಕ್ಕೆ ಎಕ್ಸ್‌ಎಂಪಿ ಎನ್ನುತ್ತಾರೆ, ಇಂಟೆಲ್ 2007ರಲ್ಲಿ ತಂದ ಏರ್ಪಾಡು. ಕೆಲವು ಬೋರ್ಡುಗಳಲ್ಲಿ ಇದೇ ಡಿಓಸಿಪಿ ಎಂಬ ಹೆಸರಿನಲ್ಲಿ ಕೂತಿರುತ್ತದೆ. ಚೀಟಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಈ ಎರಡನೆಯ ಅಂಕಿ. ಬಯಾಸಿಗೆ ಹೋಗಿ ಆ ಸಾಲನ್ನು ಆರಿಸದಿದ್ದರೆ 3200ರ ದುಡ್ಡು ಕೊಟ್ಟವನೂ 2666ರಲ್ಲೇ ಇರುತ್ತಾನೆ, ಅದು ಅವನಿಗೆ ಗೊತ್ತೂ ಆಗುವುದಿಲ್ಲ.

ಕೇಳಿದರೆ ಮೋಸದಂತೆ ತೋರುತ್ತದೆ, ನಿಜ. ಆದರೆ ಸ್ಕೂಟರಿನ ಮೀಟರಿನಲ್ಲಿ 120 ಎಂದು ಬರೆದಿದೆಯೆಂದು ಆಗುಂಬೆ ಘಾಟಿಯ ತಿರುವಿನಲ್ಲಿ ಯಾರೂ 120 ಹೊಡೆಯುವುದಿಲ್ಲ. ಪಟ್ಟಿ ಒಂದೇ ಓಡುವುದಲ್ಲ. ಪ್ರೊಸೆಸರಿನೊಳಗಿನ ನಿಯಂತ್ರಕ, ಬೋರ್ಡಿನ ತಾಮ್ರದ ಗೆರೆಗಳು, ಪಟ್ಟಿ, ಮೂರೂ ಸೇರಿ ಓಡಬೇಕು. ಒಂದು ದಾರಿಗೆ ಒಂದೇ ಪಟ್ಟಿಯಿದ್ದರೆ ಆರಾಮು. ಅದಕ್ಕೇ ಎರಡೇ ಪಟ್ಟಿ ಇದ್ದವರು ಹೆಚ್ಚಿನ ಬೋರ್ಡುಗಳಲ್ಲಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಸೀಳಿಗೆ ಹಾಕಬೇಕು. ನಾಲ್ಕು ಪಟ್ಟಿ ಹಾಕಿದರೆ ಒಂದೊಂದು ದಾರಿಯಲ್ಲೂ ಇಬ್ಬರು ಮಾತಾಡುತ್ತಾರೆ, ದನಿ ಕಲಸುತ್ತದೆ. ನನ್ನ ಪ್ರೊಸೆಸರಿನ ತಯಾರಕರೇ ಕೊಟ್ಟ ಕೋಷ್ಟಕವನ್ನು ಹುಡುಗ ತೋರಿಸಿದ. ಎರಡು ಪಟ್ಟಿಗೆ 3200, ನಾಲ್ಕು ಪಟ್ಟಿಗೆ 2933, ಪಟ್ಟಿಗಳು ಎರಡು ಸಾಲಿನ ಚಿಪ್ಪಿನವಾದರೆ 2667. ಚೀಟಿ ಒಂದೇ ಆದರೂ ಮೂರು ವರ್ಷದ ಅಂತರದಲ್ಲಿ ಕೊಂಡ ಪಟ್ಟಿಗಳ ಒಳಗಿನ ಚಿಪ್ಪುಗಳು ಬೇರೆ ಬೇರೆ ಇರಬಹುದು. ನನ್ನವು ಬೇರೆ ಬೇರೆಯೇ ಇದ್ದವು.

ಇಷ್ಟೆಲ್ಲ ಇದ್ದರೂ ಯಂತ್ರ ಏಳುತ್ತಿತ್ತು, ಅದೇ ತೊಂದರೆ. ಪೂರ್ತಿ ಸೋತಿದ್ದರೆ ಎಷ್ಟೋ ವಾಸಿ. ಆಟ ಶುರುವಾಗುವ ಮುಂಚೆ ಮದ್ದಳೆಯವರು ಶ್ರುತಿ ಕೂಡಿಸಿಕೊಳ್ಳುವ ಹಾಗೆ ಬೋರ್ಡು ಪಟ್ಟಿಗಳ ಜೊತೆ ಹೊಂದಿಸಿಕೊಳ್ಳುತ್ತದೆ. ಹೊಂದದಿದ್ದರೆ ಕೆಲವು ಸಲ ಆರಿ ಹತ್ತಿ, ಸಾಮಾನ್ಯವಾಗಿ ಹಳೆಯ ವೇಗಕ್ಕೆ ತಾನೇ ಮರಳುತ್ತದೆ. ಮರಳದಿದ್ದರೆ ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು, ಕರೆಂಟು ಪೂರ್ತಿ ಕಿತ್ತು, ಸ್ವಲ್ಪ ಹೊತ್ತು ತೆಗೆದಿಟ್ಟರೆ ಎಲ್ಲ ಮರೆತು ಮೊದಲಿನಂತಾಗುತ್ತದೆ. ಅದು ಸರಿಪಡಿಸಬಹುದಾದ ಸೋಲು. ನನ್ನದು ಅರೆ ಸೋಲು. ಟೈಪು ಮಾಡಿದರೆ ಸರಿ, ಫೋಟೋ ನೋಡಿದರೆ ಸರಿ, ಕೋಟಿಗಟ್ಟಲೆ ಸಲಕ್ಕೊಮ್ಮೆ ಒಂದು ಸೊನ್ನೆ ಒಂದಾಗುತ್ತಿತ್ತು. ಅದು ಧ್ವನಿಯ ಅಂಕಿಯ ದೊಡ್ಡ ಸ್ಥಾನದಲ್ಲಿ ಬಿದ್ದರೆ ‘ಟಕ್’. ಮಡಚಿಟ್ಟ ಕಟ್ಟಿನಲ್ಲಿ ಬಿದ್ದರೆ ಒಂದು ಮಡಿಕೆಯೇ ಹೋಯಿತು. ಒಂದು ಮಡಿಕೆ ಸಾಮಾನ್ಯವಾಗಿ 4096 ಮಾದರಿಗಳು, ಅಂದರೆ ಸೆಕೆಂಡಿನ ಹತ್ತರಲ್ಲೊಂದು ಪಾಲಿನಷ್ಟು. ಕನ್ನಡದ ಒಂದು ಅಕ್ಷರಕ್ಕೆ ಅಷ್ಟು ಹೊತ್ತು ಸಾಕು.

ರಾತ್ರಿ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್ ಹಚ್ಚಿಟ್ಟು ಮಲಗಿದೆವು. ಬರೆ, ಓದು, ತಾಳೆ ನೋಡು, ಮತ್ತೆ ಬರೆ. ಅದರ ಕೆಲಸ ಅಷ್ಟೇ. ಮೊದಲ ಸುತ್ತು ಸ್ವಚ್ಛವಾಗಿ ಮುಗಿದಿತ್ತು. ಅಲ್ಲಿಗೇ ನಿಲ್ಲಿಸುವವರೇ ಹೆಚ್ಚು ಎಂದು ಹುಡುಗ ಹೇಳಿದ. ಬೆಳಗ್ಗೆ ಐದಕ್ಕೆ ಎದ್ದು ನೋಡಿದರೆ ಮೂರನೆಯ ಸುತ್ತಿನಲ್ಲಿ ನಾಲ್ಕು ಕೆಂಪು ಸಾಲುಗಳಿದ್ದವು.

ಇಲ್ಲಿ ನಮ್ಮಿಬ್ಬರಿಗೂ ಚರ್ಚೆಯಾಯಿತು. ಅವನಿಗೆ ವೇಗ ಬಿಡಲು ಮನಸ್ಸಿಲ್ಲ. “ವೋಲ್ಟೇಜು ಚೂರು ಏರಿಸಿ, ಟೈಮಿಂಗ್ ಸಡಿಲ ಮಾಡಿ ನೋಡೋಣ ಮಾವ. ದುಡ್ಡು ಕೊಟ್ಟಿದೀರಲ್ಲ.” ಅವನ ಲೆಕ್ಕವೂ ಸುಳ್ಳಲ್ಲ. 3200ರಲ್ಲಿ ಸಿಎಲ್ 16 ಎಂದರೆ ಕೇಳಿದ ಮಾಹಿತಿ ಬರಲು ತೊಡಗುವುದಕ್ಕೆ 10 ನ್ಯಾನೋಸೆಕೆಂಡು. 2666ರಲ್ಲಿ ಸಿಎಲ್ 19 ಎಂದರೆ ಹದಿನಾಲ್ಕೂಕಾಲು. ಆಟ ಆಡುವವರಿಗೆ ಅದು ಕಾಣುತ್ತದೆ, ಅವರು ಏರಿಸಿಕೊಳ್ಳಲಿ, ಅವರ ಪಟ್ಟಿ ಎರಡೇ ಇದ್ದರೆ ಮತ್ತು ರಾತ್ರಿಯಿಡೀ ಪರೀಕ್ಷೆ ಮಾಡಿದ್ದರೆ. ಅಮ್ಮ ಒಂದು ಬೀಸುವ ಹಾಡಿಗೆ ಹದಿಮೂರು ನಿಮಿಷ ತೆಗೆದುಕೊಳ್ಳುತ್ತಿದ್ದಳು. ನಾಲ್ಕು ನ್ಯಾನೋಸೆಕೆಂಡನ್ನು ಉಳಿಸಿ ಅವಳಿಗೆ ಏನು ಕೊಡಲಿ?

ಎಕ್ಸ್‌ಎಂಪಿ ತೆಗೆಸಿದೆ. ಬದಲಾಯಿಸುವ ಮುಂಚೆ ಪ್ರತಿ ಪುಟದ ಫೋಟೋ ತೆಗೆದಿಟ್ಟ, ಅದೊಂದು ಒಳ್ಳೆಯ ಅಭ್ಯಾಸ. 2666, 1.2 ವೋಲ್ಟು. ಎರಡು ರಾತ್ರಿ ಪರೀಕ್ಷೆ ಓಡಿತು, ಒಂದೂ ಕೆಂಪು ಸಾಲಿಲ್ಲ. ಕಡತಗಳ ತಾಳೆಯೂ ಒಂದೇ ಉತ್ತರಕ್ಕೆ ನಿಂತಿತು. ಸರಿಯಿದ್ದದ್ದು ಸರಿ, ಕೆಟ್ಟದ್ದು ಕೆಟ್ಟದ್ದೇ. ತಪ್ಪನ್ನು ತಾನೇ ಕಂಡು ತಿದ್ದುವ ಇಸಿಸಿ ಎಂಬ ಮೆಮೊರಿ ಬಹಳ ಹಿಂದಿನಿಂದ ಇದೆ, ಆದರೆ ಅದು ಸರ್ವರುಗಳ ಪಾಲಿಗೆ. ಮನೆಯ ಯಂತ್ರಕ್ಕೆ ಅದನ್ನು ಕೊಡದಿರುವುದನ್ನು ಲಿನಕ್ಸಿನ ಲಿನಸ್ ಟೋರ್ವಾಲ್ಡ್ಸ್ 2021ರಲ್ಲಿ ಕಟುವಾಗಿಯೇ ಟೀಕಿಸಿದ್ದ. ಅವನ ಸಿಟ್ಟು ನನಗೆ ಈಗ ಅರ್ಥವಾಗುತ್ತದೆ. ಹೊಸ ಡಿಡಿಆರ್5ರಲ್ಲಿ ಚಿಪ್ಪಿನೊಳಗೇ ಒಂದು ತಿದ್ದುಪಡಿ ಇದೆಯಾದರೂ ಚಿಪ್ಪಿನಿಂದ ಪ್ರೊಸೆಸರಿಗೆ ಬರುವ ದಾರಿಗೆ ಅದರ ಕಾವಲಿಲ್ಲ.

ಒಂಬತ್ತು ಕ್ಯಾಸೆಟ್ಟುಗಳನ್ನು ಮತ್ತೆ ಓಡಿಸಬೇಕಾಯಿತು. ಎಂಟು ಓಡಿದವು. ಹತ್ತೊಂಬತ್ತನೆಯದು ಡೆಕ್ಕಿನ ರೋಲರಿಗೆ ಸುತ್ತಿಕೊಂಡು ಮುದುಡಿ ಹೋಯಿತು. ಅದರ ಬೀಸುವ ಹಾಡು ಈಗ ಇರುವುದು ಮೊದಲ ಪ್ರತಿಯಲ್ಲಿ ಮಾತ್ರ. ಅದರ ಏಳನೆಯ ನಿಮಿಷದಲ್ಲಿ ಒಂದು ಮಡಿಕೆ ಹೋಗಿದೆ. ಪದದ ಮೊದಲ ಅಕ್ಷರ ಇಲ್ಲ. ಬರಿ ‘-ರಗ’ ಎಂದು ಕೇಳುತ್ತದೆ.

ಅಮ್ಮನ ಜೊತೆ ಹಾಡುತ್ತಿದ್ದವರಲ್ಲಿ ಉಳಿದಿರುವುದು ಚಿಕ್ಕಮ್ಮ ಒಬ್ಬಳೇ. ಎಂಬತ್ತೈದು ದಾಟಿದೆ, ಕಿವಿ ಮಂದ. ಹೆಡ್‌ಫೋನು ಹಾಕಿ ಕೇಳಿಸಿದೆ. ಅಕ್ಕನ ದನಿ ಕೇಳಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು “ಅದು ‘ಸೆರಗ’ ಅಂತ ಇದ್ದಿದ್ದು ಕಣೋ, ಇನ್ನೇನು?” ಎಂದಳು. ಬರೆದುಕೊಂಡು ಬಂದೆ. ಹದಿನೈದು ದಿನ ಬಿಟ್ಟು ಹೋಗಿ ಮತ್ತೆ ಕೇಳಿಸಿದರೆ, ಅಷ್ಟೇ ಖಚಿತವಾಗಿ, “ಹೊರಗ” ಎಂದಳು. ಎರಡೂ ಛಂದಸ್ಸಿಗೆ ಕೂರುತ್ತವೆ, ಎರಡೂ ಅರ್ಥಕ್ಕೆ ಹೊಂದುತ್ತವೆ. ಹಾಡಿನ ಪುಸ್ತಕದಲ್ಲಿ ಎರಡನ್ನೂ ಬರೆದು, ನಡುವೆ ಗೆರೆ ಹಾಕಿಟ್ಟಿದ್ದೇನೆ. ಇನ್ನು ಹನ್ನೊಂದು ಕ್ಯಾಸೆಟ್ಟು ಇಳಿಸುವುದಿದೆ.