ಆಯಿಯ ಡೇರೆ ಗಡ್ಡೆ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದಲ್ಲಿ ಯಾರ ಮನೆಗೆ ಹೋದರೂ ಹೆಂಗಸರ ಮಾತು ಸುತ್ತಿ ಬಳಸಿ ಡೇರೆ ಗಿಡಕ್ಕೇ ಬರುತ್ತದೆ. ಪುಸ್ತಕದಲ್ಲಿ ಡೇಲಿಯಾ, ನಮ್ಮ ಬಾಯಲ್ಲಿ ಡೇರೆ. ಮೂಲ ಮೆಕ್ಸಿಕೊ, ಆ ದೇಶದ ರಾಷ್ಟ್ರೀಯ ಹೂವೂ ಹೌದು. ಅಲ್ಲಿಯೂ ಅದು ಮಳೆಗೆ ಚಿಗುರಿ, ಮಳೆ ಮುಗಿಯುವಾಗ ಹೂಬಿಟ್ಟು, ಒಣಗಾಲದಲ್ಲಿ ಗಡ್ಡೆಯಾಗಿ ಮಲಗುವ ಗಿಡ. ನಮ್ಮ ಅಂಗಳಕ್ಕೆ ಒಗ್ಗಿದ್ದು ಅದಕ್ಕೇ ಇರಬೇಕು.

ಆಯಿ ಹತ್ತಿರ ಒಂದು ಡೇರೆ ಇತ್ತು. ಗಾಢ ಕೆಂಪು, ಎಸಳಿನ ತುದಿ ಮಾತ್ರ ಬಿಳಿ. ಚೌತಿಗೆ ಮೊದಲ ಹೂ ಬಿಟ್ಟರೆ ನವರಾತ್ರಿ ತನಕ ಬಿಡುವಿಲ್ಲ. 2021ರ ಬೇಸಿಗೆಯಲ್ಲಿ ಆಯಿ ತೀರಿಕೊಂಡಳು. ಆ ಜುಲೈನಲ್ಲೇ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು. ನಾನು ಸುದ್ದಿ ಹಿಂದೆ ಬೈಕಿನಲ್ಲಿ ಅಲೆಯುತ್ತಿದ್ದೆ. ಗಡ್ಡೆ ಇದ್ದ ಕುಂಡಗಳು ಮಾಡಿನ ನೀರು ಬೀಳುವಲ್ಲೇ ಉಳಿದವು. ಮಳೆ ಹೊಳವಾದ ಮೇಲೆ ಮಣ್ಣು ಕೆದಕಿದರೆ, ಗಡ್ಡೆಯೆಲ್ಲ ನಾರುವ ಲೋಳೆ.

ಆಯಿ ಡಬ್ಬಿಯಲ್ಲಿ ಒಣಗಿಸಿಟ್ಟ ಬೀಜ ಸಿಕ್ಕಿತು. ಮರುವರ್ಷ ಆಸೆಯಿಂದ ಬಿತ್ತಿದೆ. ಒಂದು ಹಳದಿ ಬಂತು, ಒಂದು ಪೇಲವ ಗುಲಾಬಿ. ಡೇರೆ ಬೀಜದ ಹಣೆಬರಹವೇ ಅಷ್ಟು, ತಾಯಿಯ ಹೂವನ್ನೇ ಕೊಡುತ್ತದೆಂಬ ಖಾತ್ರಿ ಇಲ್ಲ. ಅದೇ ಹೂ ಬೇಕೆಂದರೆ ಗಡ್ಡೆ ಬೇಕು, ಇಲ್ಲವೇ ಕುಡಿ. ನನ್ನ ಹತ್ತಿರ ಎರಡೂ ಇರಲಿಲ್ಲ.

ಆಮೇಲೊಮ್ಮೆ ಅಡಿಕೆಯ ಎಲೆಚುಕ್ಕಿ ರೋಗದ ವರದಿಗೆಂದು ಯಲ್ಲಾಪುರದ ಕಡೆಯ ಒಂದು ಮನೆಗೆ ಹೋಗಿದ್ದೆ. ತೋಟ ನೋಡುವ ಮೊದಲೇ ಅಂಗಳದಲ್ಲಿ ನಿಂತುಬಿಟ್ಟೆ. ಅದೇ ಕೆಂಪು, ಅದೇ ಬಿಳಿ ತುದಿ. ಆ ಮನೆಯ ಹಿರಿಯಮ್ಮ ಯಾವ ಊರು, ಯಾರ ಮಗ ಎಂದೆಲ್ಲ ವಿಚಾರಿಸಿ ನಕ್ಕರು. "ನಿನ್ನ ಆಯಿನೇ ಕೊಟ್ಟದ್ದು ತಮಾ, ಮದುವೆ ಮನೆಲಿ ಸಿಕ್ಕಾಗ. ಇದು ನಿಮ್ಮನೆದೇಯಾ."

ಜನವರಿಯಲ್ಲಿ ಕರೆಸಿ ಗಡ್ಡೆ ಕೊಟ್ಟರು, ಪಾಠವನ್ನೂ ಹೇಳಿದರು. ಹಳೇ ಕಾಂಡಕ್ಕೆ ಗಡ್ಡೆ ಅಂಟಿದ ಕುತ್ತಿಗೆಯಲ್ಲಿ ಕಣ್ಣಿರಬೇಕು. "ಕಣ್ಣಿಲ್ದೇ ಇದ್ರೆ ಎಷ್ಟು ದಪ್ಪ ಗಡ್ಡೆನೂ ಉಪಯೋಗಿಲ್ಲೆ." ಒಣ ಮರಳಿನಲ್ಲಿ, ಇಲಿ ಬಾರದ ಕಡೆ ಇಟ್ಟೆ. ಮೇ ಕೊನೆಗೆ ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ ಕುಂಡ ತುಂಬಿದೆ. ನೀರು ಇಳಿಯಲು ಬುಡದಲ್ಲಿ ತೂತು ಬೇಕೇ ಬೇಕು. ಈ ಸಲ ಕುಂಡ ಸೂರಿನೊಳಗೆ, ಆದರೆ ಬೆಳಕು ಬೀಳುವಲ್ಲಿ. ಚಿಗುರು ಏಳುವ ತನಕ ನೀರು ತೋರಿಸಿದಷ್ಟೇ. ಆಧಾರದ ಕೋಲನ್ನು ಗಡ್ಡೆ ಇಡುವಾಗಲೇ ಊರಬೇಕು. ನಾನು ಒಂದು ಕುಂಡಕ್ಕೆ ತಡವಾಗಿ ಚುಚ್ಚಿ ಗಡ್ಡೆಯನ್ನೇ ಸೀಳಿದೆ. ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿದರೆ ಕವಲು ಹೆಚ್ಚು, ಹೂವೂ ಹೆಚ್ಚು. ಚಿವುಟಿದ ಕುಡಿ ಎಸೆಯಬೇಡಿ. ಒದ್ದೆ ಮರಳಿನಲ್ಲಿ ಊರಿ ನೆರಳಲ್ಲಿಟ್ಟರೆ ಬೇರು ಬಿಡುತ್ತದೆ. ಅದೇ ಹೂವಿನ ಇನ್ನೊಂದು ಗಿಡ ಬಿಟ್ಟಿ ಸಿಕ್ಕಂತೆ.

ಚೌತಿಗೆ ಹೂ ಆಗಲಿಲ್ಲ, ಎರಡು ವಾರ ತಡವಾಯಿತು. ಬಣ್ಣ ಮಾತ್ರ ಅದೇ.

ಈ ವರ್ಷ ನನ್ನ ಹತ್ತಿರ ಮೂರು ಕುಂಡ. ಎರಡು ಕುಡಿ ಸಿದ್ದಾಪುರದ ಅಕ್ಕನ ಮನೆಗೆ ಹೋಗಿವೆ, ಒಂದು ಪಕ್ಕದ ಮನೆಗೆ. ನಿನ್ನೆ ಅಕ್ಕ ಫೋನ್ ಮಾಡಿ, ಬಸವನಹುಳು ಎಲೆಯೆಲ್ಲ ತಿಂದಿದೆ ಎಂದು ಗೋಳಾಡಿದಳು. ರಾತ್ರಿ ಟಾರ್ಚ್ ಹಿಡಿದು ಹೆಕ್ಕು ಎಂದಿದ್ದೇನೆ.